ಜೀರ್ಣೋದ್ಧಾರದ ದತ್ತಿ: ಓಲೆಗರಿಯಿಂದ ಗಣಕದವರೆಗೆ



ಕನ್ನಡ ನಾಡಿನ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ಅರಸನಾಗಲಿ, ದಂಡನಾಯಕನಾಗಲಿ, ಊರಿನ ಒಬ್ಬ ಸೆಟ್ಟಿಯಾಗಲಿ ದೇಗುಲವನ್ನೋ ಮಠವನ್ನೋ ಕಟ್ಟಿಸಿ ಭೂಮಿಯನ್ನು ದತ್ತಿಬಿಡುವಾಗ, ಆ ಭೂಮಿಯ ಉತ್ಪನ್ನವು ಯಾವ ಯಾವ ವೆಚ್ಚಕ್ಕೆ ಸಲ್ಲಬೇಕೆಂಬುದನ್ನು ಕಲ್ಲಿನಲ್ಲಿ ಕಂಡರಿಸಿಡುತ್ತಿದ್ದನು. ನಿತ್ಯಪೂಜೆ, ತಪೋಧನರ ಆಹಾರದಾನ, ವಿದ್ಯಾದಾನಗಳೊಡನೆ ಒಡೆದು ಬಿರಿದುದನ್ನು ಸರಿಪಡಿಸುವ ವೆಚ್ಚವೂ ಆ ಪಟ್ಟಿಯಲ್ಲಿ ಸೇರಿರುತ್ತಿದ್ದಿತು. ಕಟ್ಟಡವು ಹೊಚ್ಚಹೊಸದಾಗಿರುವಾಗಲೇ, ಗಾರೆಯ ಹಸಿ ಆರುವ ಮುನ್ನವೇ, ಅದು ಮುಂದೊಂದು ದಿನ ಬಿರಿಯುವುದೆಂಬುದನ್ನು ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ಒಪ್ಪಿಕೊಂಡು ಅದಕ್ಕೆ ತಕ್ಕ ಏರ್ಪಾಡನ್ನೂ ಮಾಡಿದ್ದರು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಏರಿಯನ್ನು ಕಾಯ್ದು ದುರಸ್ತಿ ಮಾಡುವವರಿಗೆ ಕಟ್ಟುಕೊಡಗೆ, ದಸವಂದ ಮೊದಲಾದ ಹೆಸರುಗಳಿಂದ ಭೂಮಿಯನ್ನು ಬಿಡುತ್ತಿದ್ದ ಉದಾಹರಣೆಗಳು ಶಾಸನಗಳಲ್ಲಿ ಹೇರಳವಾಗಿವೆ. ಕೆರೆಯನ್ನು ಕಟ್ಟಿಸಿದವನ ಕೀರ್ತಿ ಒಂದು ಬಗೆಯದು. ಹೂಳೆತ್ತಿದವನ ದುಡಿಮೆ ಇನ್ನೊಂದು ಬಗೆಯದು. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲದು.

ಈ ಹಳೆಯ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಒಂದು ಕಾರಣವುಂಟು. ಇತ್ತೀಚಿನ ಮೂರು ನಾಲ್ಕು ದಶಕಗಳಲ್ಲಿ ಕನ್ನಡಿಗರು ಕಲ್ಲು ಮಣ್ಣುಗಳಿಂದಲ್ಲದ ಹೊಸದೊಂದು ಬಗೆಯ ಕಟ್ಟಡಗಳನ್ನು ಕಟ್ಟಿದ್ದಾರೆ. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವ, ಹುಡುಕುವ, ಕಾಪಿಡುವ ತಂತ್ರಾಂಶಗಳೇ ಆ ಕಟ್ಟಡಗಳು. ಅವುಗಳಲ್ಲಿ ಹಲವು ವ್ಯಾಪಾರಕ್ಕಾಗಿ ಹುಟ್ಟಿದವಲ್ಲ. ಅಲ್ಪ ಧನ, ಅಲ್ಪ ಜನ, ರಾತ್ರಿಯ ಬಿಡುವಿನ ಒಂದೆರಡು ತಾಸು, ಇಷ್ಟನ್ನೇ ಬಂಡವಾಳವಾಗಿಸಿಕೊಂಡು, ತಮ್ಮ ಕಾರ್ಯಕ್ಕೆ ಬೇಕಾದ ಸಾಧನವನ್ನು ತಾವೇ ಬರೆದುಕೊಂಡು, ಬರೆದುದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟವರ ಕೃತಿಗಳವು. ಇಂತಹ ಸ್ವನಿರ್ಮಿತ ಸಾಧನಗಳ ಪಾಲನೆ ಹೇಗೆ ನಡೆಯಿತು, ಹೇಗೆ ನಡೆಯಬೇಕು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಓಲೆಗರಿ ಕಲಿಸಿದ ಪಾಠ

ಹನ್ನೆರಡನೆಯ ಶತಮಾನದ ಶರಣರು ಸ್ವಹಸ್ತದಿಂದ ಬರೆದ ಓಲೆಯೊಂದೂ ಇಂದು ನಮಗೆ ದೊರೆತಿಲ್ಲ. ಆದರೂ ಅವರ ವಚನಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕು ನಮ್ಮ ಕೈಸೇರಿವೆ. ಇದು ಹೇಗೆ ಸಾಧ್ಯವಾಯಿತು? ತಾಳೆಯ ಗರಿಗೆ ನಮ್ಮ ಹವೆಯಲ್ಲಿ ದೀರ್ಘಾಯುಷ್ಯವಿಲ್ಲ. ಗೆದ್ದಲು, ತೇವ, ಹೊಗೆ, ಉದಾಸೀನತೆ ಇವು ನಾಲ್ಕೂ ಅದರ ಶತ್ರುಗಳು. ಕೊನೆಯದು ಎಲ್ಲಕ್ಕಿಂತ ಬಲಿಷ್ಠವಾದುದು. ಓಲೆ ಉಳಿಯಲಿಲ್ಲ, ಪ್ರತಿ ಉಳಿಯಿತು. ತಲೆಮಾರಿಗೊಬ್ಬರಾದರೂ ಕುಳಿತು ಹಳೆಯ ಕಟ್ಟನ್ನು ಬಿಚ್ಚಿ, ಗರಿಗಳಿಗೆ ಎಣ್ಣೆ ಸವರಿ, ಅಕ್ಷರಗಳಿಗೆ ಕಾಡಿಗೆ ತುಂಬಿ ಓದಿ, ಹೊಸ ಗರಿಯ ಮೇಲೆ ಕಂಠದಿಂದ ಕೊರೆದು ಬರೆದುದರಿಂದ ಉಳಿಯಿತು. ಹೀಗೆ ಪ್ರತಿಮಾಡಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು.

ಇನ್ನೊಂದು ಸಂಗತಿಯೂ ಮನನೀಯವಾಗಿದೆ. ಶೂನ್ಯಸಂಪಾದನೆಯು ನಮಗೆ ಒಂದಲ್ಲ, ನಾಲ್ಕು ಪರಿಷ್ಕರಣಗಳಲ್ಲಿ ದೊರೆತಿದೆ. ಶಿವಗಣಪ್ರಸಾದಿ ಮಹಾದೇವಯ್ಯನವರು ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲಿಸಿದರು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದನ್ನು ಕೈಗೆತ್ತಿಕೊಂಡು ತಮ್ಮ ಅರಿವಿಗೆ ತಕ್ಕಂತೆ ಸೇರಿಸಿ, ಬೆಳೆಸಿ, ಮರುಜೋಡಿಸಿ ಮುಂದಿನವರಿಗೆ ಒಪ್ಪಿಸಿದರು. ಮೊದಲಿನವರು ತಮ್ಮ ಕೃತಿಗೆ ಬೀಗ ಹಾಕಲಿಲ್ಲ. ನಂತರದವರು ಹಳೆಯದನ್ನು ಬಿಸುಟು ಬರಿಗೈಯಿಂದ ಆರಂಭಿಸಲಿಲ್ಲ. ಈ ಕಾಲದ ತಂತ್ರಜ್ಞರು ‘ಮುಕ್ತ ತಂತ್ರಾಂಶ’ವೆಂದು ಕರೆಯುವ ಪದ್ಧತಿಯ ಮರ್ಮವೂ ಇದೇ ಆಗಿದೆ. ತಂತ್ರಾಂಶದ ಒಡಲೊಳಗಿನ ಬರಹವನ್ನು, ಅಂದರೆ ಆಕರ ಸಂಕೇತವನ್ನು, ಯಾರಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಈ ಚಳವಳಿಯನ್ನು ಘೋಷಿಸಿದರು. ೧೯೮೯ರಲ್ಲಿ ಅದಕ್ಕೊಪ್ಪುವ ಪರವಾನಗಿ ಪತ್ರವೊಂದು ರೂಪುಗೊಂಡಿತು.

ಆದರೆ ವಾಚಕರು ಒಂದನ್ನು ಮರೆಯಲಾಗದು. ಪ್ರತಿಮಾಡಲು ಅನುಮತಿಯಿರುವುದು ಬೇರೆ, ಪ್ರತಿಮಾಡುವ ಕೈಯಿರುವುದು ಬೇರೆ. ಪರವಾನಗಿಯು ಬಾಗಿಲನ್ನು ತೆರೆದಿಡುತ್ತದೆ, ಮನೆಯನ್ನು ಗುಡಿಸುವುದಿಲ್ಲ.

ಹಳಕಟ್ಟಿಯವರ ಮುದ್ರಣಾಲಯ

ಸ್ವಂತ ಸಾಧನದ ಹಿರಿಮೆಯನ್ನೂ ಅದರ ಭಾರವನ್ನೂ ಏಕಕಾಲಕ್ಕೆ ಅರಿತವರು ನಮ್ಮಲ್ಲಿ ಫ. ಗು. ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡ ಈ ಮಹನೀಯರು ಊರೂರು ಸುತ್ತಿ ಓಲೆಯ ಕಟ್ಟುಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವು ಅಚ್ಚಾಯಿತು. ಅನ್ಯರ ಅಚ್ಚುಕೂಟವನ್ನು ನೆಚ್ಚಿಕೊಂಡರೆ ತಮ್ಮ ಕಾರ್ಯವು ಸಾಗದೆಂದು ಕಂಡುಕೊಂಡು ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ವಿಜಾಪುರದಲ್ಲಿ ತಾವೇ ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು.

ಮುದ್ರಣಾಲಯವನ್ನು ಕೊಂಡುತಂದ ದಿನದ ಸಂಭ್ರಮವನ್ನು ನಾವು ಸುಲಭವಾಗಿ ಊಹಿಸಬಲ್ಲೆವು. ಆ ನಂತರದ ದಿನಗಳನ್ನು ಊಹಿಸುವವರು ವಿರಳ. ಸವೆದ ಅಚ್ಚುಮೊಳೆಗಳಿಗೆ ಬದಲು ಮೊಳೆಗಳನ್ನು ತರಿಸುವುದು, ಕಾಗದದ ಬಾಕಿ ತೀರಿಸುವುದು, ಮೊಳೆ ಜೋಡಿಸುವವನಿಗೆ ಸಂಬಳ ಕೊಡುವುದು, ಕರಡಚ್ಚು ತಿದ್ದುವುದು, ಇವಾವುವೂ ಒಮ್ಮೆ ಮಾಡಿ ಮುಗಿಸುವ ಕೆಲಸಗಳಲ್ಲ. ಹಳಕಟ್ಟಿಯವರು ಬದುಕಿನುದ್ದಕ್ಕೂ ಹಣದ ಅಡಚಣೆಯನ್ನು ಉಂಡರು. ಒಬ್ಬ ವ್ಯಕ್ತಿಯ ಹೆಗಲ ಮೇಲೆ ಒಂದು ಸಾಹಿತ್ಯದ ಉಳಿವೇ ನಿಂತಿದ್ದ ಕಾಲವದು. ೧೯೬೪ರಲ್ಲಿ ಅವರು ಲಿಂಗೈಕ್ಯರಾದರು. ಕಾಲಾಂತರದಲ್ಲಿ ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆಯು ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವನ್ನು ತೆರೆದು ಅವರ ಕೃತಿರಾಶಿಯನ್ನು ಸಂಪುಟಗಳಾಗಿ ಹೊರತಂದಿತು. ವ್ಯಕ್ತಿಯು ಹೊತ್ತುದನ್ನು ಸಂಸ್ಥೆಯೊಂದು ಹೆಗಲು ಬದಲಿಸಿಕೊಂಡಿತು. ಹೆಗಲು ಬದಲಿಸುವವರಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಯೋಚಿಸಬೇಕು.

ಅಕ್ಷರಗಳಿಗೆ ಬಂದ ಸಂಕಟ

ಅಚ್ಚುಮೊಳೆಯ ಕಾಲ ಕಳೆದು ಗಣಕದ ಕಾಲ ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮತ್ತು ‘ಸೇಡಿಯಾಪು’ ತಂತ್ರಾಂಶ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ಸಿದ್ಧಪಡಿಸಿದ ‘ನುಡಿ’, ಇವುಗಳಿಂದ ಕನ್ನಡಿಗರು ನಿರಾತಂಕವಾಗಿ ಗಣಕದಲ್ಲಿ ಬರೆಯುವಂತಾಯಿತು. ಈ ಮಹನೀಯರ ಋಣ ದೊಡ್ಡದು.

ಆದರೆ ಆರಂಭದ ಆ ಪದ್ಧತಿಯಲ್ಲಿ ಒಂದು ತೊಡಕು ಅಡಗಿತ್ತು. ಆಗಿನ ಗಣಕಗಳಿಗೆ ಕನ್ನಡವೆಂಬ ಲಿಪಿಯೊಂದಿದೆ ಎಂಬುದೇ ಅರಿವಿರಲಿಲ್ಲ. ಆದ್ದರಿಂದ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳ ಚಿತ್ರಗಳನ್ನು ಕೂರಿಸಲಾಯಿತು. ಆ ಅಕ್ಷರಶೈಲಿ, ಅಂದರೆ ಫಾಂಟು, ಇದ್ದರೆ ತೆರೆಯ ಮೇಲೆ ಕನ್ನಡ. ಇಲ್ಲದಿದ್ದರೆ ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿದ ಯೂನಿಕೋಡ್ ಎಂಬ ಸಂಹಿತೆಯು ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡಿದ್ದರೂ, ಅದು ನಮ್ಮ ಕಚೇರಿ, ಅಚ್ಚುಕೂಟಗಳಿಗೆ ತಲಪಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಅಪಾರ ಬರಹವು ಹಳೆಯ ಪದ್ಧತಿಯಲ್ಲಿ ಶೇಖರಗೊಂಡುಬಿಟ್ಟಿತ್ತು.

ಈ ತೊಡಕಿನ ಬಿಸಿ ನಮಗೂ ತಟ್ಟಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಗ್ರಂಥಭಂಡಾರದ ಓಲೆಕಟ್ಟುಗಳ ಹಾಗೂ ಹಳೆಯ ಮುದ್ರಿತ ಪುಸ್ತಕಗಳ ಪಟ್ಟಿಗಾಗಿ, ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಬಾಲಕನೊಬ್ಬನು ಸ್ವತಃ ಒಂದು ತಂತ್ರಾಂಶವನ್ನು ಬರೆದುಕೊಟ್ಟಿದ್ದನು. ಅದನ್ನು ಸಭೆ ಸೇರಿಸಿ ಉದ್ಘಾಟಿಸಿದೆವು, ಶಾಲು ಹೊದಿಸಿದೆವು. ಅವನು ಉದ್ಯೋಗವರಸಿ ಹೊರಟುಹೋದನು. ಕೆಲ ವರ್ಷಗಳಲ್ಲಿ ಆ ಗಣಕವೂ ಕೆಟ್ಟಿತು. ಹೊಸ ಗಣಕದಲ್ಲಿ ಆ ತಂತ್ರಾಂಶವು ಏಳಲೇ ಇಲ್ಲ. ಕಡತವನ್ನು ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ. ಬನಶಂಕರಿಯಲ್ಲಿ ನೆಲೆಸಿದ್ದ ಅವನನ್ನು ಕರೆಸಿ, “ಏನಪ್ಪಾ, ಓಲೆಗರಿಯೇ ನಾನೂರು ವರ್ಷ ಬಾಳಿತು, ನಿನ್ನ ಪಟ್ಟಿ ಹತ್ತು ವರ್ಷವೂ ಬಾಳಲಿಲ್ಲವಲ್ಲ?” ಎಂದೆವು. ಅವನು ತಲೆ ತಗ್ಗಿಸಿ, “ಬುದ್ಧೀ, ಓಲೆಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವವರನ್ನು ಮಠ ಇಟ್ಟುಕೊಂಡಿತ್ತು. ಇದಕ್ಕೆ ಯಾರನ್ನೂ ಇಟ್ಟಿರಲಿಲ್ಲ” ಎಂದನು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ದೋಷವು ಅವನದಲ್ಲ, ನಮ್ಮದು.

ಆತನು ಕೆಲವು ಭಾನುವಾರಗಳನ್ನು ವ್ಯಯಿಸಿ ಪಟ್ಟಿಯನ್ನು ಯೂನಿಕೋಡಿಗೆ ತಂದನು. ಆ ಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಿದಾಗ ನಮಗೆ ತಿಳಿದುಬಂದ ಸೂಕ್ಷ್ಮವೊಂದನ್ನು ಹೇಳಬೇಕು. ‘ಧರ್ಮ’ ಎಂಬ ಪದವನ್ನು ನಾವು ಉಚ್ಚರಿಸುವಾಗ ರೇಫವು ಮಕಾರಕ್ಕೆ ಮೊದಲು ಬರುತ್ತದೆ. ಬರೆಯುವಾಗ ಅರ್ಕಾವತ್ತು ಮಕಾರದ ನಂತರ ಬರುತ್ತದೆ. ಹಳೆಯ ಕಡತವು ಬರೆಯುವ ಕ್ರಮವನ್ನು ಅನುಸರಿಸಿದರೆ, ಯೂನಿಕೋಡು ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಪರಿವರ್ತಿಸುವ ಸಾಧನಕ್ಕೆ ಇದನ್ನು ಕಲಿಸದಿದ್ದರೆ ಅರ್ಕಾವತ್ತುಗಳೆಲ್ಲ ದಾರಿತಪ್ಪಿ ನಿಲ್ಲುತ್ತವೆ. ಯೂನಿಕೋಡಿನಲ್ಲಿಯೂ ಒಂದು ವಿಚಿತ್ರವುಂಟು. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ಪ್ರಮಾದದಿಂದ ‘ಫ’ ಎಂಬರ್ಥದ ಹೆಸರು ಬಿದ್ದುಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಹಿತೆಯ ನಿಯಮವಾದುದರಿಂದ, ತಪ್ಪೆಂದು ಟಿಪ್ಪಣಿ ಬರೆದಿಟ್ಟು ಹಾಗೆಯೇ ಉಳಿಸಿಕೊಂಡಿದ್ದಾರೆ. ಇಂತಹ ಸೂಕ್ಷ್ಮಗಳನ್ನು ಹೊರನಾಡಿನ ಯಾವ ಕಂಪನಿಯೂ ನಮಗಾಗಿ ಕುಳಿತು ನೋಡಲಾರದು. ಇವು ಕನ್ನಡಿಗರೇ ಹೊರಬೇಕಾದ ಹೊರೆ.

ಸಂಚಯ ಮತ್ತು ಅಲರ್

ಈ ಹೊರೆಯನ್ನು ಹೊತ್ತವರ ಚರಿತ್ರೆ ಬೆಂಗಳೂರಿನಲ್ಲಿ ಬಹುಮಟ್ಟಿಗೆ ನಡೆದಿದೆ. ೨೦೦೧ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಆರಂಭವಾಗಿ, ೨೦೦೫ರಿಂದ ‘ಫಾಸ್ ಡಾಟ್ ಇನ್’ ಎಂದು ಕರೆಸಿಕೊಂಡ ಮುಕ್ತ ತಂತ್ರಾಂಶದ ಸಮಾವೇಶವು, ತನ್ನ ಕೊನೆಯ ವರ್ಷಗಳಲ್ಲಿ ಜಯನಗರಕ್ಕೆ ಸಮೀಪದ ನಿಮ್ಹಾನ್ಸ್ ಸಭಾಭವನದಲ್ಲಿ ಸೇರುತ್ತಿತ್ತು. ೨೦೧೨ರ ಅನಂತರ ಅದು ನಡೆಯಲಿಲ್ಲ. ಹನ್ನೊಂದು ವರ್ಷ ನಡೆದುದೂ ಸ್ವಯಂಸೇವಕರ ಬಲದಿಂದಲೇ.

ನಮ್ಮ ಸಾಹಿತ್ಯಕ್ಕೆ ನೇರವಾಗಿ ಸಂಬಂಧಿಸಿದುದು ‘ವಚನ ಸಂಚಯ’. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿದುದು ಪ್ರಸಿದ್ಧವಾಗಿದೆ. ಆದರೆ ಒಂದು ಪದವು ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದನ್ನು ತಿಳಿಯಬೇಕಾದ ಸಂಶೋಧಕನು ಆ ಸಂಪುಟಗಳನ್ನು ಪುಟಪುಟವಾಗಿ ಮಗುಚಬೇಕಾಗಿತ್ತು. ಓಂಶಿವಪ್ರಕಾಶ್ ಮತ್ತು ಅವರ ಸಂಗಡಿಗರು, ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿ ಹಾಗೂ ಕಥೆಗಾರ ವಸುಧೇಂದ್ರ ಅವರ ಸಹಯೋಗದಿಂದ, ಸುಮಾರು ೨೧,೦೦೦ ವಚನಗಳನ್ನು ಯೂನಿಕೋಡಿಗೆ ತಂದು, ಪದಪದವನ್ನೂ ಹುಡುಕಬಲ್ಲ ತಾಣವನ್ನು ಕಳೆದ ದಶಕದಲ್ಲಿ ಅಂತರಜಾಲದಲ್ಲಿ ನಿಲ್ಲಿಸಿದರು. ಇವರಾರೂ ಇದರಿಂದ ಜೀವನೋಪಾಯವನ್ನು ಕಂಡುಕೊಂಡವರಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವನ್ನು ವಿ. ಕೆ. ಅರವಿಂದ ಅವರು ಬರೆದು ಮುಕ್ತವಾಗಿ ಬಿಟ್ಟುಕೊಟ್ಟರು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳೂ ಅವರವೇ.

ಇದೇ ಬಳಗವು ‘ಪುಸ್ತಕ ಸಂಚಯ’ವೆಂಬ ಇನ್ನೊಂದು ಕಾರ್ಯವನ್ನೂ ಕೈಗೊಂಡಿತ್ತು. ಭಾರತೀಯ ಡಿಜಿಟಲ್ ಗ್ರಂಥಾಲಯವೆಂಬ ಸರ್ಕಾರಿ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಛಾಯಾಪ್ರತಿಗಳಿದ್ದರೂ, ಹೆಸರುಗಳೆಲ್ಲ ರೋಮನ್ ಲಿಪಿಯಲ್ಲಿ ತಪ್ಪುತಪ್ಪಾಗಿದ್ದುದರಿಂದ ಕನ್ನಡದಲ್ಲಿ ಹುಡುಕಲು ಬರುತ್ತಿರಲಿಲ್ಲ. ಸ್ವಯಂಸೇವಕರು ಕೂಡಿ ಆ ಹೆಸರುಗಳನ್ನು ಕನ್ನಡಕ್ಕೆ ತಂದರು. ಮುಂದೆ ಆ ಸರ್ಕಾರಿ ತಾಣವೇ ಮುಚ್ಚಿಹೋಯಿತು. ಪುಣ್ಯವಶಾತ್ ಅದಕ್ಕೆ ಮೊದಲೇ ಕಾರ್ಲ್ ಮಲಮುದ್ ಎಂಬ ಅಮೆರಿಕೆಯ ಸಜ್ಜನರು ಅಲ್ಲಿನ ಲಕ್ಷಗಟ್ಟಲೆ ಪುಸ್ತಕಗಳನ್ನು ಪ್ರತಿಮಾಡಿ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಇರಿಸಿದ್ದರು. ಓಲೆ ಹೋಯಿತು, ಪ್ರತಿ ಉಳಿಯಿತು! ಹದಿನೈದನೆಯ ಶತಮಾನದ ಪಾಠವೇ ಇಪ್ಪತ್ತೊಂದನೆಯ ಶತಮಾನದಲ್ಲಿ ಮರುಕಳಿಸಿತು.

ಇನ್ನೊಂದು ನಿದರ್ಶನವು ಜೆ.ಪಿ. ನಗರಕ್ಕೆ ಸೇರಿದುದು. ವಿ. ಕೃಷ್ಣ ಎಂಬ ಮಹನೀಯರು ಹಲವು ದಶಕಗಳ ಏಕಾಂಗಿ ಪರಿಶ್ರಮದಿಂದ ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ರಚಿಸಿದ್ದರು; ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಜೆ.ಪಿ. ನಗರದಲ್ಲಿ ಕಚೇರಿಯುಳ್ಳ ಜೆರೋಧಾ ಸಂಸ್ಥೆಯ ತಂತ್ರಜ್ಞ ಪ್ರಮುಖರಾದ ಕೈಲಾಶ್ ನಾಧ್ ಅವರು ಅದನ್ನು ೨೦೧೯ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಅಂತರಜಾಲದಲ್ಲಿ ಪ್ರಕಟಿಸಿದರು. ಕೃಷ್ಣ ಅವರು ತಮ್ಮ ಬಾಳಿನ ದುಡಿಮೆಯನ್ನು ಮುಕ್ತ ಪರವಾನಗಿಯಡಿ ಲೋಕಕ್ಕೆ ಅರ್ಪಿಸಿದರು. ದಾಸೋಹವೆಂಬ ಮಾತಿಗೆ ಇದಕ್ಕಿಂತ ಮಿಗಿಲಾದ ಅರ್ಥ ಬೇಕೆ?

ಅಲರ್ ನಿಘಂಟಿನ ನಿರ್ಮಾಣವಿಧಾನವನ್ನು ವಾಚಕರು ತುಸು ಗಮನಿಸಬೇಕು. ಪಾಲನೆಯ ಗುಟ್ಟು ಅದರಲ್ಲಿದೆ. ಕೈಲಾಶ್ ಅವರು ೨೦೧೦ರಲ್ಲಿಯೇ ಮಲೆಯಾಳಕ್ಕಾಗಿ ‘ಓಳಂ’ ಎಂಬ ನಿಘಂಟು ತಾಣವನ್ನು ಆರಂಭಿಸಿದ್ದರು. ಕನ್ನಡಕ್ಕೊಂದು, ಮಲೆಯಾಳಕ್ಕೊಂದು ಎಂದು ಎರಡು ತಂತ್ರಾಂಶಗಳನ್ನು ಸಾಕುವ ಬದಲು, ಯಾವ ಭಾಷೆಯ ನಿಘಂಟಿಗಾದರೂ ಒದಗುವ ‘ಡಿಕ್ಟ್‌ಪ್ರೆಸ್’ ಎಂಬ ಒಂದೇ ಮುಕ್ತ ಸಾಧನವನ್ನು ರೂಪಿಸಲಾಯಿತು. ಕನ್ನಡಕ್ಕೇ ವಿಶಿಷ್ಟವಾದುದು ಒಂದು ಚಿಕ್ಕ ಅಂಗ ಮಾತ್ರ: ಕಾಗುಣಿತದಲ್ಲಿ ತುಸು ಹೆಚ್ಚುಕಡಿಮೆಯಾದರೂ ಉಚ್ಚಾರದ ಹೋಲಿಕೆಯಿಂದ ಪದವನ್ನು ಗುರುತಿಸುವ ‘ಕೆಎನ್‌ಫೋನ್’ ಎಂಬುದು. ಪದಸಂಪತ್ತು ಬೇರೆ, ಸಾಧನ ಬೇರೆ. ನಾಳೆ ಆ ಸಾಧನವು ಹಳತಾದರೂ ಪದಸಂಪತ್ತು ಅಳಿಯದು. ಇನ್ನೊಂದು ಸಾಧನದೊಳಗೆ ಅದನ್ನು ಇರಿಸಬಹುದು. ಸಾಮಾನ್ಯವಾದುದನ್ನು ಎಲ್ಲರೊಡನೆ ಹಂಚಿಕೊಂಡು, ವಿಶಿಷ್ಟವಾದುದನ್ನು ಮಾತ್ರ ಸ್ವಂತಕ್ಕೆ ಸಾಕಿಕೊಳ್ಳುವುದು ಬಡವನ ಸಂಸಾರಕ್ಕೆ ಒಪ್ಪುವ ನೀತಿ. ನಮ್ಮ ಮಠದ ಪಟ್ಟಿಯ ತಂತ್ರಾಂಶದಲ್ಲಿ ಈ ವಿವೇಕವಿರಲಿಲ್ಲ. ಪಟ್ಟಿ, ಲಿಪಿ, ಸಾಧನ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದು, ಒಂದು ಬಿದ್ದಾಗ ಮೂರೂ ಬಿದ್ದವು.

ಹೊರನಾಡಿನ ಎರಡು ನಿದರ್ಶನಗಳು

ನ್ಯೂಜಿಲೆಂಡಿನಲ್ಲಿ ಹೊರೊಫೆನುವಾ ಎಂಬ ಸಣ್ಣ ಪ್ರಾಂತವಿದೆ. ಶತಮಾನವು ಬದಲಾಗುವ ೧೯೯೯ರಲ್ಲಿ ಅಲ್ಲಿನ ಗ್ರಂಥಾಲಯದ ಹಳೆಯ ತಂತ್ರಾಂಶವು ೨೦೦೦ ಎಂಬ ಇಸವಿಯನ್ನು ಅರಿಯಲಾರದೆಂಬ ಭಯವುಂಟಾಯಿತು. ದುಬಾರಿ ತಂತ್ರಾಂಶವನ್ನು ಕೊಳ್ಳಲು ಹಣವಿರಲಿಲ್ಲ. ಸ್ಥಳೀಯ ತಂತ್ರಜ್ಞರಿಂದ ತಮಗಾಗಿಯೇ ಒಂದನ್ನು ಬರೆಸಿಕೊಂಡರು. ೨೦೦೦ದ ಜನವರಿಯಲ್ಲಿ ಅದು ಕೆಲಸಕ್ಕಿಳಿಯಿತು. ಅದನ್ನು ತಾವೊಬ್ಬರೇ ಸಾಕಲಾರೆವೆಂದು ಅರಿತು ಮುಕ್ತವಾಗಿ ಬಿಟ್ಟುಕೊಟ್ಟರು. ಅದೇ ಇಂದು ಲೋಕದ ಸಾವಿರಾರು ಗ್ರಂಥಾಲಯಗಳಲ್ಲಿ, ನಮ್ಮ ಕರ್ನಾಟಕದ ಅನೇಕ ಕಾಲೇಜುಗಳಲ್ಲಿಯೂ ಬಳಕೆಯಲ್ಲಿರುವ ‘ಕೋಹಾ’. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಪಡೆದವರು ಮರಳಿ ಸಲ್ಲಿಸುವ ಹೊಣೆಯುಳ್ಳ ಕಾಣಿಕೆ. ಒಂದು ಊರಿನ ಸ್ವಂತ ಸಾಧನವು ಉಳಿದುದು, ಪಡೆದವರೆಲ್ಲ ತಿದ್ದಿ ತೀಡಿ ಮರಳಿ ಕೊಟ್ಟುದರಿಂದ.

ಎರಡನೆಯದು ಎಚ್ಚರಿಕೆಯ ಕಥೆ. ‘ಎಕ್ಸ್‌ಝಡ್’ ಎಂಬುದು ಕಡತಗಳನ್ನು ಸಂಕ್ಷೇಪಿಸುವ ಒಂದು ಚಿಕ್ಕ ಸಾಧನ. ಲೋಕದ ಅಸಂಖ್ಯ ಗಣಕಗಳು ಅದನ್ನು ನೆಚ್ಚಿಕೊಂಡಿದ್ದರೂ ಅದನ್ನು ಪಾಲಿಸುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ವೇತನವಿಲ್ಲದೆ. ಅವರು ಬಳಲಿದ್ದರು, ಕೆಲಸ ನಿಧಾನವಾಯಿತೆಂದು ಹೊರಗಿನವರು ಒತ್ತಾಯಿಸತೊಡಗಿದ್ದರು. ನೆರವಾಗುವೆನೆಂದು ಬಂದ ಅಪರಿಚಿತನೊಬ್ಬನು ಎರಡು ಮೂರು ವರ್ಷ ದುಡಿದು ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಗಂಡಿಯೊಂದನ್ನು ಕೊರೆದನು. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಗಣಕವನ್ನು ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಅಧಿಕವಾಗುತ್ತಿರುವುದನ್ನು ಕಂಡು ಶಂಕಿಸಿ ಮೋಸವನ್ನು ಬಯಲಿಗೆಳೆದರು. ಇದಕ್ಕೂ ಹಿಂದೆ, ೨೦೧೪ರಲ್ಲಿ, ಅಂತರಜಾಲದ ಗುಪ್ತಸಂವಾದಗಳನ್ನೆಲ್ಲ ಕಾಯುವ ‘ಓಪನ್ ಎಸ್‌ಎಸ್‌ಎಲ್’ನಲ್ಲಿ ಭಯಂಕರ ದೋಷವೊಂದು ಹೊರಬಿದ್ದಾಗ, ಅದರ ಪಾಲಕರಿಗೆ ದೊರೆಯುತ್ತಿದ್ದ ದೇಣಿಗೆ ವರ್ಷಕ್ಕೆ ಎರಡು ಸಾವಿರ ಡಾಲರಿನ ಆಸುಪಾಸಿನದೆಂದು ತಿಳಿದು ಲೋಕವು ನಾಚಿಕೊಂಡಿತು. ಏರಿಯ ಕಾವಲುಗಾರನನ್ನು ಉಪವಾಸ ಕೆಡವಿ ಕೆರೆಯ ನೀರನ್ನು ಎಲ್ಲರೂ ಕುಡಿದಂತಾಗಿತ್ತು.

ಈ ನಾಚಿಕೆಯಿಂದ ಎಚ್ಚೆತ್ತವರೂ ಇದ್ದಾರೆ. ಮುಕ್ತ ತಂತ್ರಾಂಶಗಳನ್ನು ನೆಚ್ಚಿ ಬೆಳೆದ ಜೆರೋಧಾ ಸಂಸ್ಥೆಯು ೨೦೨೪ರ ಅಕ್ಟೋಬರಿನಲ್ಲಿ, ಅಂತಹ ತಂತ್ರಾಂಶಗಳ ಪಾಲಕರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳನ್ನು ನೀಡುವ ನಿಧಿಯೊಂದನ್ನು ಪ್ರಕಟಿಸಿತು. ಇದು ಈ ಕಾಲದ ಕಟ್ಟುಕೊಡಗೆಯೆಂದರೆ ತಪ್ಪಾಗದು.

ನಮ್ಮ ಹೊಣೆ

ತಂತ್ರಾಂಶವು ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಓಲೆಯಂತೆ ಗೆದ್ದಲು ಹಿಡಿಯುವುದಿಲ್ಲ. ಹಾಗಿರುವಾಗ ಅದೇಕೆ ಜೀರ್ಣವಾಗಬೇಕು ಎಂದು ವಾಚಕರು ಕೇಳಬಹುದು. ಅದು ಬದಲಾಗದು, ಆದರೆ ಅದರ ಸುತ್ತಣ ಲೋಕವು ಬದಲಾಗುತ್ತದೆ. ಗಣಕದ ಕಾರ್ಯವ್ಯವಸ್ಥೆ ಹೊಸದಾಗ��ತ್ತದೆ. ಜೊತೆಯ ಸಾಧನಗಳು ಹಳೆಯ ಮಾತನ್ನು ಮರೆಯುತ್ತವೆ. ತಾಣದ ಹೆಸರಿನ ಬಾಡಿಗೆ ಕಾಲಕಾಲಕ್ಕೆ ತೀರಬೇಕು. ಕಳ್ಳರು ಹೊಸ ಗಂಡಿಗಳನ್ನು ಹುಡುಕುತ್ತಲೇ ಇರುತ್ತಾರೆ. ನಿಂತ ನೆಲವೇ ಜಾರುವಾಗ ನಿಂತಲ್ಲಿಯೇ ನಿಲ್ಲಲೂ ನಡೆಯುತ್ತಿರಬೇಕಾಗುತ್ತದೆ.

ಇತಿಹಾಸದಿಂದ ನಾವು ಪಡೆಯುವ ನಿರ್ಣಯಗಳು ಸರಳವಾಗಿವೆ. ಇತರರು ಈಗಾಗಲೇ ಮಾಡಿಟ್ಟಿರುವುದನ್ನು ಸ್ವಂತಕ್ಕೆಂದು ಮತ್ತೆ ಕಟ್ಟಬಾರದು. ನಮ್ಮಲ್ಲಿ ಮಾತ್ರ ಇರುವುದನ್ನು ನಾವೇ ಕಟ್ಟಬೇಕು. ಕಟ್ಟಿದುದರ ಮರ್ಮವನ್ನು ಕನಿಷ್ಠ ಇಬ್ಬರಾದರೂ ಬಲ್ಲವರಿರಬೇಕು, ಕನ್ನಡದಲ್ಲಿ ಬರೆದಿಡಬೇಕು. ದ್ರವ್ಯವನ್ನು ಸಾಧನದಿಂದ ಬೇರ್ಪಡಿಸಿ ಹಲವು ಕಡೆ ಪ್ರತಿಮಾಡಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸ್ಥಾಪನೆಯ ದಿನದಂದೇ ಜೀರ್ಣೋದ್ಧಾರಕ್ಕೆ ದತ್ತಿಯನ್ನಿರಿಸಬೇಕು. ಪಾಲಿಸಲಾರದ್ದನ್ನು ಕಟ್ಟದಿರುವುದೂ ವಿವೇಕವೇ.

ಮುಕ್ತ ತಂತ್ರಾಂಶದ ತರುಣರಲ್ಲಿ ವಿದ್ಯೆಯಿದೆ, ಉತ್ಸಾಹವಿದೆ. ಇಲ್ಲದಿರುವುದು ದೀರ್ಘಕಾಲದ ನೆಲೆ. ಉದ್ಯೋಗ ಬದಲಾಗುತ್ತದೆ, ಊರು ಬದಲಾಗುತ್ತದೆ, ಸಂಸಾರ ಬೆಳೆಯುತ್ತದೆ. ಮಠಗಳಲ್ಲಿ ಆ ವಿದ್ಯೆಯಿಲ್ಲದಿರಬಹುದು, ಆದರೆ ನೆಲೆಯಿದೆ. ನೂರಾರು ವರ್ಷ ದೀಪವಾರದಂತೆ ನೋಡಿಕೊಂಡ ಅನುಭವವಿದೆ, ವಿದ್ಯಾರ್ಥಿನಿಲಯಗಳಿವೆ, ಭಕ್ತರ ಕಾಣಿಕೆಯಿದೆ. ನಮ್ಮ ಮಂಟಪಗಳಲ್ಲಿ ಕಟ್ಟಿಸಿಕೊಟ್ಟವರ ಹೆಸರಿನ ಫಲಕಗಳುಂಟು. ಪ್ರತಿವರ್ಷ ಸುಣ್ಣ ಬಳಿಸಿದವರ ಹೆಸರಿನ ಫಲಕವನ್ನು ನಾವೆಲ್ಲಿಯೂ ಕಂಡಿಲ್ಲ. ಲೋಕಾರ್ಪಣೆಯ ಸಮಾರಂಭಕ್ಕೆ ದಾನಿಗಳು ಮುಂದೆ ಬರುತ್ತಾರೆ, ಹತ್ತನೆಯ ವರ್ಷದ ದುರಸ್ತಿಗೆ ಬರುವುದಿಲ್ಲ. ಈ ದೋಷದಲ್ಲಿ ನಾವೂ ಪಾಲುದಾರರೆಂಬುದನ್ನು ಮೇಲೆ ಒಪ್ಪಿಕೊಂಡಿದ್ದೇವೆ.

ಆದುದರಿಂದ ನಮ್ಮ ಮಠದ ಗ್ರಂಥಭಂಡಾರದ ಪಟ್ಟಿಯನ್ನು ಈಗ ಕೋಹಾದೊಳಗೆ ಇರಿಸಿ, ವಿದ್ಯಾರ್ಥಿನಿಲಯದ ಇಬ್ಬರು ವಿದ್ಯಾರ್ಥಿಗಳಿಗೆ ಅದರ ಪಾಲನೆಯನ್ನು ಒಪ್ಪಿಸಿದ್ದೇವೆ. ಪ್ರತಿವರ್ಷವೂ ಹಿರಿಯನು ಹೊರಡುವ ಮುನ್ನ ಕಿರಿಯನೊಬ್ಬನಿಗೆ ಕಲಿಸಿಹೋಗಬೇಕೆಂಬ ನಿಯಮವನ್ನಿರಿಸಿ, ಅದಕ್ಕೆಂದೇ ಒಂದು ಸಣ್ಣ ದತ್ತಿಯನ್ನು ತೆಗೆದಿಟ್ಟಿದ್ದೇವೆ. ಓಲೆಗೆ ಎಣ್ಣೆ ಹಚ್ಚುವ ಮತ್ತು ಗಣಕದ ಪಟ್ಟಿಯನ್ನು ಪ್ರತಿಮಾಡುವ ಕೆಲಸಗಳೆರಡನ್ನೂ ವರ್ಷದ ಒಂದೇ ದಿನ, ಒಂದೇ ಕೊಠಡಿಯಲ್ಲಿ ನಡೆಸುವ ಪದ್ಧತಿ ಮಾಡಿದ್ದೇವೆ. ವಾಚಕರಲ್ಲಿ ಅನುಕೂಲವುಳ್ಳವರು ತಾವು ನಿತ್ಯವೂ ಬಳಸುವ ಕನ್ನಡದ ಒಂದು ಮುಕ್ತ ಸಾಧನವನ್ನು ನೆನೆದು, ಅದರ ಪಾಲಕರು ಯಾರೆಂದು ವಿಚಾರಿಸಿ, ತಮ್ಮಿಂದಾದುದನ್ನು ಸಲ್ಲಿಸಲಿ. ಹಣವಿಲ್ಲದವರು ಕಂಡ ಒಂದು ತಪ್ಪನ್ನು ಅವರಿಗೆ ತಿಳಿಸಿಕೊಡಲಿ. ಅದೂ ಒಂದು ಹಿಡಿ ಹೂಳನ್ನು ಎತ್ತಿದಂತೆಯೇ ಸರಿ.